ಬೋರ್ಡಿನ ಮೇಲಿನ ಟೀನಾ

ಮೇ 5, ಸೋಮವಾರ, ಬೆಳಿಗ್ಗೆ 5.30
ಜಿಮ್ಮಿನ ಶಟರ್ ಎತ್ತಿದೆ. ಡಂಬೆಲ್‌ಗಳನ್ನು ಇವತ್ತೂ ನಾನೇ ಜೋಡಿಸಿದೆ. ಸಂಜೆ ಬ್ಯಾಚಿನ ಟ್ರೇನರ್ ಮಾಬ್ಲೇಶ್ವರ ಶುಕ್ರವಾರದಿಂದ ಪತ್ತೆಯಿಲ್ಲ. ಈಗಷ್ಟೇ ಅವನ ಸ್ಟೇಟಸ್ ನೋಡಿದೆ — ಗೋವಾದ ಯಾವುದೋ ಜಿಮ್ಮಿನಲ್ಲಿ ಸೆಲ್ಫಿ. ಹೇಳಿ ಹೋಗಿದ್ದರೆ ಗಂಟೇನು ಹೋಗುತ್ತಿತ್ತು? ಎರಡು ವರ್ಷದಲ್ಲಿ ಇವನು ನಾಲ್ಕನೆಯವನು. ಸ್ಕ್ವಾಟ್ ಅಂದರೆ ಏನೆಂದು ಗೊತ್ತಿಲ್ಲದೆ ಬಂದವರು. ಕಲಿಸಿದ್ದು ನಾನು. ಹೊನ್ನಾವರದಲ್ಲಿ ಕಲಿಯುವುದು, ಕುಮಟಾಕ್ಕೋ ಗೋವಾಕ್ಕೋ ಹಾರುವುದು!

ಈಗ ಉಳಿದ ಟ್ರೇನರ್ ತಿಮ್ಮಿ ಒಬ್ಬಳೇ. ಅವಳನ್ನು ಬಿಡುವುದಿಲ್ಲ. ಬರೆದಿಟ್ಟಿದ್ದೇನೆ.

ಮೇ 7
ಲೇಡೀಸ್ ಬ್ಯಾಚ್. ಡೆಡ್‌ಲಿಫ್ಟ್ — ಬಗ್ಗಿ ನೆಲದಿಂದ ಬಾರ್ ಎತ್ತುವುದು. "ಹಿಪ್ಸ್ ಹಿಂದೆ, ಬೆನ್ನು ನೇರ" ಎಂದು ಗಂಟಲು ಹರಿದುಕೊಂಡೆ. ಯಾರ ಬೆನ್ನೂ ನೇರವಾಗಲಿಲ್ಲ. ತಿಮ್ಮಿ ಬಂದಳು. "ಗದ್ದೇಲಿ ಅಗೆ ನೆಡೂಕೆ ಬಗ್ಗೂದಿಲ್ವ? ಹಂಗೇ. ಸೊಂಟದಿಂದ."

ಮಂಕಿ ಊರಿನಿಂದ ಬರುವ ಇಬ್ಬರು ತಟ್ಟನೆ ಸರಿಯಾಗಿ ಬಗ್ಗಿದರು. ಅವರನ್ನು ನೋಡಿ ಬ್ಯಾಂಕಿನ ಮೇಡಂ ಕೂಡ. ನನಗೆ ಹೊಟ್ಟೆಕಿಚ್ಚಾಯಿತು. ಖುಷಿಯೂ ಆಯಿತು.

ಮೇ 9, ಮಧ್ಯಾಹ್ನ
ತಿಮ್ಮಿ ಕಾಗದ ಹಿಡಿದು ಬಂದು ನಿಂತಳು. ಭಟ್ಕಳದಲ್ಲಿ ಹೆಂಗಸರಿಗಾಗಿಯೇ ಒಂದು ಜಿಮ್ ತೆರೆಯುತ್ತಿದ್ದಾರಂತೆ. ಹೆಡ್ ಟ್ರೇನರ್ ಆಗಿ ಬಾ ಅಂದಿದ್ದಾರೆ.

"ಪೇಪರ್ ಕೇಳ್ರು ಅಕ್ಕಾ. ಸರ್ಟಿಫಿಕೇಟಲ್ಲಿ ಟೀನಾ ಗೌಡ ಅಂತದೆ. ಆಧಾರಲ್ಲಿ ತಿಮ್ಮಿ ಹಮ್ಮ ಗೌಡ. ಇದು ನಿಂದೇ ಅಂತ ಹೆಂಗೆ ನಂಬೂದು ಅಂದ್ರು."

ತಪ್ಪು ನನ್ನದು. ಸೇರಿದ ವಾರವೇ ಅವಳಿಗೆ ಟೀನಾ ಎಂದು ಹೆಸರಿಟ್ಟವಳು ನಾನು — ತಿಮ್ಮಿ ಅಂದರೆ ಟ್ರೇನರ್ ಅಂತ ಯಾರು ನಂಬುತ್ತಾರೆ ಎಂದು. ಹೊರಗಿನ ಬೋರ್ಡಿಗೂ ಅದೇ, ಟೀ ಶರ್ಟಿಗೂ ಅದೇ. ಹುಬ್ಬಳ್ಳಿಯ ಟ್ರೇನರ್ ಕೋರ್ಸಿನ ಫಾರ್ಮಿನಲ್ಲೂ ಅದನ್ನೇ ತುಂಬಿಬಿಟ್ಟೆ.

"ಸರಿ ಮಾಡಿಸ್ತೆ," ಅಂದೆ.

"ಆತು," ಅಂದಳು.

ಮೇ 26
ಹುಬ್ಬಳ್ಳಿಯ ಇನ್‌ಸ್ಟಿಟ್ಯೂಟಿಗೆ ಇನ್ನೂ ಫೋನ್ ಮಾಡಿಲ್ಲ. ತಿಮ್ಮಿ ಎರಡು ಸಲ ಕೇಳಿದಳು. ಸರ್ವರ್ ಡೌನ್ ಅಂದೆ... ಶುದ್ಧ ಸುಳ್ಳು. ಆ ಹೆಸರು ತಪ್ಪಾಗಿರುವವರೆಗೆ ಅವಳು ಎಲ್ಲಿಗೂ ಹೋಗುವಂತಿಲ್ಲ. ಗೊತ್ತಿದ್ದೂ ಸುಮ್ಮನಿದ್ದೇನೆ. ನಾಚಿಕೆಯಾಗುತ್ತದೆ, ಆದರೂ ಸುಮ್ಮನಿದ್ದೇನೆ.

ಮೇ 29, ಬೆಳಿಗ್ಗೆ 7.15
ಹೊಸದಾಗಿ ಸೇರಿದ ವಂದನಾ ಮಲಗಿ ಬೆಂಚ್ ಪ್ರೆಸ್ ಮಾಡುತ್ತಿದ್ದಳು. ಬಾರ್ ಎದೆಯ ಮೇಲೆ ಕೂತುಬಿಟ್ಟಿತು. "ಟೀನಾ! ಟೀನಾ!" ಎಂದು ಕೂಗಿದಳು. ಮೂರೇ ಹೆಜ್ಜೆ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದ ತಿಮ್ಮಿ ತಿರುಗಲೇ ಇಲ್ಲ. ಹಳಬರೆಲ್ಲ ಅವಳನ್ನು ಕರೆಯುವುದು ತಿಮ್ಮಿ ಅಂತಲೇ. ಬೋರ್ಡ್ ನೋಡಿ ಬಂದವರಿಗೆ ಮಾತ್ರ ಟೀನಾ.

ನಾನು ಆಚೆ ಮೂಲೆಯಿಂದ ಓಡಿಬಂದು ಬಾರ್ ಎತ್ತಿದೆ. ವಂದನಾಳಿಗೆ ಏನೂ ಆಗಲಿಲ್ಲ, ಪುಣ್ಯ. ಬೈಯಲು ಬಾಯಿ ತೆಗೆದೆ. ತಿಮ್ಮಿ ಅಳುತ್ತಿದ್ದಳು.

"ನನ್ನ ಕರೂದು ಅಂತ ಗೊತ್ತಾಗ್ಲಿಲ್ಲ ಅಕ್ಕಾ."

ಯಾರನ್ನು ಬೈಯಲಿ?

ಅದೇ ದಿನ, 12.30
ಹುಬ್ಬಳ್ಳಿಗೆ ಫೋನ್ ಮಾಡಿದೆ. ಅಫಿಡವಿಟ್ ಬೇಕಂತೆ. ತಿಮ್ಮಿಯನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ನೋಟರಿ ಹತ್ತಿರ ಹೋಗಿ, ಸ್ಪೀಡ್ ಪೋಸ್ಟ್ ಹಾಕಿ ಬಂದೆ. ಸರ್ವರ್ ವಿಷಯ ಸುಳ್ಳೆಂದು ದಾರಿಯಲ್ಲೇ ಒಪ್ಪಿಕೊಂಡೆ. ಅವಳು ನನ್ನ ಹೆಗಲಿನಿಂದ ಕೈ ತೆಗೆದು ಹಿಂದಿನ ಕಂಬಿ ಹಿಡಿದುಕೊಂಡಳು. ಬಂದವಳೇ ಸ್ಟೂಲ್ ಹತ್ತಿ ಬೋರ್ಡ್ ಇಳಿಸಿದೆ.

ಜೂನ್ 18
ಹೆಸರು ತಿದ್ದಿದ ಸರ್ಟಿಫಿಕೇಟ್ ಬಂತು. ಕೈಗೇ ಕೊಟ್ಟೆ. ಹೇಳಬೇಕಾದದ್ದನ್ನೂ ಹೇಳಿದೆ — ಇಲ್ಲಿದ್ದರೆ ಲೇಡೀಸ್ ಬ್ಯಾಚ್ ಪೂರ್ತಿ ನಿನ್ನದು, ಯಾರಿಗೆ ಏನು ಕಲಿಸಬೇಕು ಅನ್ನುವುದೂ ನಿನ್ನದೇ. ಹೋಗುವುದಾದರೆ ಹೋಗು, ಅಡ್ಡ ಬರುವುದಿಲ್ಲ.

"ಯೋಚ್ನೆ ಮಾಡ್ತೆ," ಅಂದಳು. ಎರಡು ದಿನ ರಜೆ ಕೇಳಿದಳು.

ಜೂನ್ 21, ಶನಿವಾರ, 6.10
ಮಳೆ. ತಿಮ್ಮಿ ಬಂದಳು. ಒಬ್ಬಳೇ ಅಲ್ಲ — ಹಿಂದೆ ಕೊಡೆ ಮಡಚುತ್ತ ಅವಳ ಊರಿನ ಇಬ್ಬರು ಹುಡುಗಿಯರು.

"ಭಟ್ಕಳಕ್ಕೆ ಈಗ ಬರೂದಿಲ್ಲ ಅಂದೆ. ಮಳೆಗಾಲ ಕಳೀಲಿ, ಆಮೇಲೆ ನೋಡ್ವ. ನಾನೊಬ್ಳೇ ಇದ್ರೆ, ಹೋಗ್ಬಿಡ್ತೆ ಅಂತ ನಿಮ್ಗೆ ದಿನಾ ಹೆದ್ರಿಕೆ ಅಕ್ಕಾ. ಇವ್ರಿಗೂ ಕಲಿಸ್ವ."

ಕಣ್ಣು ತುಂಬಿತು. ರಿಜಿಸ್ಟರ್ ತೆಗೆದೆ. ಮೊದಲನೆಯವಳು ಸುಶ್ಮಿತಾ. ಎರಡನೆಯವಳು ನನ್ನ ಪೆನ್ನನ್ನೇ ನೋಡುತ್ತ ಕೇಳಿದಳು, "ಮನೇಲಿ ಕರೂ ಹೆಸ್ರು ಹೇಳ್ಲ, ಚೆಂದದ್ದು ಹೇಳ್ಲ?"

"ಹಿಂದಿಂದ ಕೂಗಿದ್ರೆ ನೀ ಯಾವ ಹೆಸ್ರಿಗೆ ತಿರುಗಿ ನೋಡ್ತೆ? ಅದು ಹೇಳು," ಅಂದೆ.

ಹೇಳಿದಳು. ಅದನ್ನೇ ಬರೆದುಕೊಂಡೆ.