ಬಾಗಿಲ ಗುಂಡಿ

ಮೊಳಕಾಲ್ಮುರು,
ಸೌಮ್ಯ ಸಂವತ್ಸರದ ಕಾರ್ತಿಕ ಬಹುಳ ಅಮಾವಾಸ್ಯೆ, ಭಾನುವಾರ
(೧೨ ಡಿಸೆಂಬರ್ ೧೯೦೯)

ಪ್ರೀತಿಯ ಎರ್ರಮ್ಮಕ್ಕನಿಗೆ ತಮ್ಮ ನಾಗರಾಜಪ್ಪ ಕಾಲುಮುಟ್ಟಿ ಬರೆಯುವುದು.

ನಿನ್ನ ಮಂಡಿನೋವು ಈಗ ಹೇಗಿದೆ? ಚಳಿ ಬಿದ್ದ ಮೇಲೆ ಹೆಚ್ಚಾಗಿರಬೇಕು. ಹರಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿಕೊ ಎಂದು ಹೋದ ಸಲವೇ ಹೇಳಿ ಕಳಿಸಿದ್ದೆ. ಆದರೆ ನೀನು ಚಳ್ಳಕೆರೆಗೆಲ್ಲ ಮದ್ದು ಹೇಳುವವಳು, ನಿನ್ನ ಮೈಗೆ ಮಾತ್ರ ಹಚ್ಚಿಕೊಳ್ಳುವವಳಲ್ಲ. ಭಾವನವರ ಕೆಮ್ಮು ನಿಂತಿತೆ? ಈ ಓಲೆಯನ್ನು ನಿನಗೆ ಓದಿ ಹೇಳುವವರು ಅವರೇ ಆದ್ದರಿಂದ ಅವರಿಗೂ ಒಂದು ಮಾತು. ಗುರುಸ್ವಾಮಿ ಭಾವನವರೇ, ನಿಮ್ಮ ಕಂಬಳಿ ಅಂಗಡಿಯಲ್ಲಿ ಗಿರಾಕಿ ಬಂದರೆಂದು ನಡುವೆ ಹಾರಿಸಿ ಓದಬೇಡಿ. ಅಕ್ಷರ ಕುಂಬಳಕಾಯಿ ಗಾತ್ರವಾಗಿದೆ ಎಂದು ನಗಲೂಬೇಡಿ. ಐಗಳ ಮಠದಲ್ಲಿ ಮರಳ ಮೇಲೆ ತಿದ್ದಿದ ಈ ಕೈ ಒಂದು ಕಾಲಕ್ಕೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿತ್ತು. ಈಗ ಯಾಕೆ ಹೀಗಾಯಿತು ಎನ್ನುವುದು ಮುಂದೆ ತಿಳಿಯುತ್ತದೆ.

ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಿನ್ನ ನಾದಿನಿ, ನನ್ನ ಹೆಂಡತಿ ಓಬಕ್ಕ ನಿಜವಾಗಿಯೂ ಚೆನ್ನಾಗಿದ್ದಾಳೆ, ನನ್ನನ್ನು ಬಯ್ಯುವುದರಲ್ಲಿ ಒಂದು ದಿನವೂ ತಪ್ಪಿಲ್ಲ. ಇವತ್ತು ಅಮಾವಾಸ್ಯೆಯಾದ್ದರಿಂದ ಮಗ್ಗಗಳಿಗೆಲ್ಲ ಬಿಡುವು. ಸಾಹುಕಾರರು ಇರಲು ಕೊಟ್ಟಿರುವ ಈ ಮನೆಯ ಜಗುಲಿಯ ಮೇಲೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೂತು ಬರೆಯುತ್ತಿದ್ದೇನೆ. ನಿಮ್ಮ ನಡುಮನೆಯಲ್ಲಿರುವ ಹಳೆಯ ಮಗ್ಗದ ಗುಂಡಿಗೆ ಮಣ್ಣು ತುಂಬಿಸಿ ಅಲ್ಲಿ ಕಂಬಳಿ ಪೇರಿಸುತ್ತೇವೆ ಎಂದು ಹೇಳಿ ಕಳಿಸಿದ್ದೆಯಲ್ಲ, ಧಾರಾಳವಾಗಿ ತುಂಬಿಸು. ನಿನ್ನ ಮಾವನವರು ಹೋದ ಮೇಲೆ ಅದರೊಳಗೆ ಕಾಲಿಳಿಬಿಟ್ಟು ಕೂತವರು ಯಾರು? ಬೆಕ್ಕು ಮರಿ ಹಾಕಲಿಕ್ಕೆ ಆಗಿದೆ, ಅಷ್ಟೆ. ಅವರು ನೇಯುತ್ತಿದ್ದ ದುಪ್ಪಟಿಯನ್ನು ಮುಟ್ಟಿ ನೋಡಿ 'ಇದು ಬಟ್ಟೆಯೋ ಗೋಣಿಯೋ' ಎಂದು ನಾನು ನಿನ್ನ ಮದುವೆ ಚಪ್ಪರದಲ್ಲೇ ಅಂದದ್ದು, ನೀನು ಬಾಸಿಂಗ ಕಟ್ಟಿಕೊಂಡೇ ನನ್ನ ತೋಳು ಚಿವುಟಿದ್ದು ನೆನಪಿದೆಯೇ? ರೇಷ್ಮೆ ಬಿಟ್ಟು ಬೇರೆ ನೂಲು ಮುಟ್ಟದವನು ಎನ್ನುವ ಕೊಬ್ಬು ಆಗ ನನಗೆ.

ಇನ್ನು ಇಲ್ಲಿಯ ಸುದ್ದಿ. ದೀಪಾವಳಿಯ ಪೂಜೆಯಾದ ಮಾರನೆಯ ದಿನದಿಂದ ನಾನು ಬಾಗಿಲ ಗುಂಡಿಯಲ್ಲಿ ಕೂರುತ್ತಿಲ್ಲ. ಹೌದು ಅಕ್ಕಾ, ನಮ್ಮ ಅಪ್ಪ ತನ್ನ ಕೈಯಾರೆ ಅಗೆದ ಗುಂಡಿ. ರೇಷ್ಮೆ ಕಳುವಾದೀತೆಂದು ಸಾಹುಕಾರರು ಕಿಟಕಿಯನ್ನೇ ಇಡದೆ ಕಟ್ಟಿಸಿದ ಆ ಉದ್ದನೆಯ ಮಗ್ಗದ ಮನೆಗೆ ಬೆಳಕು ಬರುವುದು ಬಾಗಿಲೊಂದರಿಂದ. ಆ ಬೆಳಕು ಮೊದಲು ಬೀಳುವುದು ಅಪ್ಪನ ಗುಂಡಿಯ ಮೇಲೆ. ಹುಡುಗಿಯಾಗಿದ್ದಾಗ ನೀನು ಅದರ ಅಂಚಿನಲ್ಲೇ ಕೂತು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಮಗ್ಗದಲ್ಲಿ ಮುಗಿದ ಹಾಸಿನ ಉದ್ದೆಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದೆ. ಅಪ್ಪ ತೀರಿಕೊಂಡಾಗ ಹಿರಿಯ ಸಾಹುಕಾರರು ನನ್ನ ಬೆನ್ನ ಮೇಲೆ ಕೈಯಿಟ್ಟು "ಈ ಬಾಗಿಲ ಗುಂಡಿ ನಿಂದೇ ಕಣಪ್ಪಾ, ನೀನಿರೋಗಂಟ ಇದ್ನ ಯಾರೂ ಮುಟ್ಟಂಗಿಲ್ಲ" ಅಂದಿದ್ದರು. ಆ ಒಂದು ಮಾತಿಗಾಗಿ ನಾನು ಧರ್ಮಾವರದವರು ಕರೆದರೂ ಹೋಗಲಿಲ್ಲ, ಬಳ್ಳಾರಿಯವರು ಕರೆದರೂ ಹೋಗಲಿಲ್ಲ. ಹಿರಿಯರು ಹೋದರು. ಮಾತು ಅವರ ಜೊತೆಯಲ್ಲೇ ಹೋಯಿತೆಂದು ನನಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಈಗಿನ ಸಾಹುಕಾರ ಅವರ ಮಗ ಜಂಬುಲಿಂಗಪ್ಪ. ಕೆಟ್ಟವನೆಂದು ಹೇಳಲಾರೆ, ನಾಲಿಗೆ ಸಿಹಿ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಾನೆ. ಅವತ್ತು ಎಲ್ಲರೆದುರಿಗೆ ನಗುನಗುತ್ತ ಹೇಳಿದ: "ನಾಗರಾಜಪ್ಪ, ನೀನು ಒಳಗಿನ ಕೊನೇ ಗುಂಡೀಗೆ ಹೋಗು. ಯರ್ರಪ್ಪ ಹೊಸಬ, ಅವ್ನಿಗೆ ಬೆಳಕು ಬೇಕು. ನೀನಾದ್ರೆ ಕಣ್ಣು ಮುಚ್ಕೊಂಡೇ ನೇಯ್ತೀಯ, ನಿಂಗ್ಯಾಕೆ ಬೆಳಕು?" ಎಲ್ಲರೂ ನಕ್ಕರು. ಹೊಗಳಿಕೆಯಲ್ಲವೇ, ನಾನೂ ಹಲ್ಲು ಕಿರಿದೆ. ಯರ್ರಪ್ಪ ಧರ್ಮಾವರದ ಕಡೆಯ ಹೊಸ ನೇಕಾರ. ಒಳ್ಳೆಯವನು, ನನ್ನ ಸಾಮಾನು ಎತ್ತಿಡಲು ಬಂದು ನಮ್ಮ ತೆಲುಗಿನಲ್ಲಿ "ಏಮನುಕೋವದ್ದು ಮಾಮಾ" ಅಂದ. ತಪ್ಪು ತಿಳಿಯಬೇಡ ಎನ್ನಬೇಕೆಂದು ಅವನೊಬ್ಬನಿಗಾದರೂ ಅನ್ನಿಸಿತು. ಕೊನೆಯ ಗುಂಡಿ ಹೇಗಿದೆಯೆಂದರೆ ಹಗಲಲ್ಲೂ ಅಲ್ಲಿ ಸಂಜೆ. ದೀಪ ಹಚ್ಚೋಣವೆಂದರೆ ರೇಷ್ಮೆಗೆ ಕಿಡಿ ಸಿಡಿದೀತೆಂದು ಮಗ್ಗದ ಮನೆಯೊಳಗೆ ದೀಪ ತರಕೂಡದು.

ಗುಂಡಿ ಹೋಯಿತೆಂದು ಇಷ್ಟು ಗೋಳಾಡುತ್ತಾನಲ್ಲ ಎಂದು ಭಾವನವರು ಅಂದುಕೊಳ್ಳುತ್ತಿರಬಹುದು. ಈಗ ಹೇಳುವುದನ್ನು ಮೆಲ್ಲಗೆ ಓದಿ ಭಾವ, ಹೊರಗೆ ಯಾರಿಗೂ ಕೇಳಿಸದಿರಲಿ. ಅಕ್ಕಾ, ನನ್ನ ಕಣ್ಣು ಹೋಗುತ್ತಿದೆ. ಮುಂಗಾರಿನಿಂದಲೇ ಶುರುವಾಯಿತು. ಎದುರಿಗೆ ಮಂಜು ಕಟ್ಟಿದ ಹಾಗೆ ಇರುತ್ತದೆ, ಬಿಸಿಲಿಗೆ ಬಂದರೆ ಸ್ವಲ್ಪ ಸರಿಯುತ್ತದೆ. ಬಾಗಿಲ ಗುಂಡಿಯಲ್ಲಿದ್ದಾಗ ಬೆಳಕು ನನ್ನ ಮಾನ ಕಾಯುತ್ತಿತ್ತು. ಇದು ಓಬಕ್ಕನಿಗೆ ಗೊತ್ತು, ನನಗೆ ಗೊತ್ತು, ಈಗ ನಿಮಗೆ ಗೊತ್ತಾಯಿತು. ಸಾಹುಕಾರನಿಗೆ ಹೇಳಬಾರದೇ ಎಂದು ನೀನು ಕೇಳುತ್ತೀ. ದೊಡ್ಡೀರಪ್ಪ ಹೇಳಿದ್ದ. ನಮ್ಮ ಅಪ್ಪನ ಜೊತೆಗಾರ ದೊಡ್ಡೀರಪ್ಪ, ನಿನಗೆ ಕಡ್ಲೆಪುರಿ ಕೊಡಿಸುತ್ತಿದ್ದನಲ್ಲ, ಅವನೇ. ಕಣ್ಣು ಮಸುಕು ಅಂದ ದಿನವೇ ಸಂಜೆಯೊಳಗೆ ಅವನ ಗುಂಡಿಯಲ್ಲಿ ಬೇರೆಯವನು ಕೂತಿದ್ದ. ಇರುತ್ತಿದ್ದ ಮನೆಯನ್ನೂ ಬಿಡಿಸಿದರು. ಈಗ ಸಾಹುಕಾರರ ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕಿಕೊಂಡಿದ್ದಾನೆ. ಅವನು ನೇಯ್ದ ಸೀರೆ ಉಟ್ಟು ಆ ಮನೆಯಲ್ಲಿ ಎರಡು ತಲೆಮಾರಿನ ಹೆಣ್ಣುಮಕ್ಕಳು ಹಸೆಗೆ ಏರಿದ್ದಾರೆ, ಇವತ್ತು ಅದೇ ಮನೆಯವರು ಅವನನ್ನು "ಏಯ್ ಕುರುಡ" ಎಂದು ಕೂಗುತ್ತಾರೆ. ಹಾಗಾಗಿ ಬೆಳಕು ಬೇಕೆಂದು ನಾನು ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿದರೆ ಕಣ್ಣಿನ ಗುಟ್ಟು ಹೊರಬೀಳುತ್ತದೆ. ಕೇಳದಿದ್ದರೆ ಆ ಕತ್ತಲೆಯೇ ಒಂದು ದಿನ ಗುಟ್ಟು ಬಯಲು ಮಾಡುತ್ತದೆ. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ನನಗೆ ಹೊಟ್ಟೆಯುರಿಯುವುದು ಇನ್ನೊಂದಕ್ಕೆ. ಪ್ಲೇಗು ಬಂದ ವರ್ಷ ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತಲ್ಲ, ಮಗ್ಗದ ಮನೆಯಲ್ಲಿ ಸತ್ತ ಇಲಿ ಬಿದ್ದಿವೆ ಎಂದು ಯಾರೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅರ್ಧ ನೇಯ್ದ ಹಾಸುಗಳೆಲ್ಲ ಅಲ್ಲೇ ಇದ್ದವು, ಇಲಿಗಳು ಕಡಿದರೆ ಸಾಹುಕಾರರ ಮನೆ ಮುಳುಗುತ್ತಿತ್ತು. ನಾನು ಒಬ್ಬನೇ ಒಳಗೆ ಹೋಗಿ ಅಷ್ಟನ್ನೂ ಬಿಚ್ಚಿ, ಸುತ್ತಿ, ಹೆಗಲ ಮೇಲೆ ಹೊತ್ತು ಹೊರಗೆ ತಂದೆ. ಓಬಕ್ಕ ನನ್ನನ್ನು ಗುಡಿಸಲೊಳಗೆ ಸೇರಿಸದೆ ದಿನಗಟ್ಟಲೆ ಬೇಲಿಯಾಚೆಯಿಂದ ಮುದ್ದೆ ನೀಡಿದಳು. ದೀಪಾವಳಿ ಕಳೆದ ವಾರದಲ್ಲೇ ಬೀಗರು ಬಂದಿದ್ದಾಗ ಜಂಬುಲಿಂಗಪ್ಪ ಆ ಕತೆ ಹೇಳುತ್ತಿದ್ದ. "ಪ್ಲೇಗಿನಾಗೆ ನಮ್ಮಪ್ಪ ಹೆದರ್ಲಿಲ್ಲ ನೋಡ್ರಿ, ಹಾಸು ಅಷ್ಟೂ ಹೊರಗೆ ತಂದ್ರು" ಅಂದ. ನಾನು ಅಲ್ಲೇ ವೀಳ್ಯದ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ಮುಂದೆ ಮಾಡಿದೆ, ಬೀಗರು ಎಲೆ ತೆಗೆದುಕೊಂಡರು.

ಆ ಬೀಗರು ಬಂದದ್ದು ಅವನ ಮಗಳ ಮದುವೆ ಮಾತಿಗೆ. ಧಾರೆ ಸೀರೆ ನೇಯುವ ಕೆಲಸ ನನಗೇ ಬಿತ್ತು. ಕೆಂಪು ಒಡಲು, ಸೆರಗಿನಲ್ಲಿ ಕಡುನೀಲಿ ಪಟ್ಟಿಗಳು. ಒಡಲು ಚೆನ್ನಾಗಿಯೇ ಸಾಗಿತು, ಅದನ್ನು ಕೈಯೇ ನೇಯುತ್ತದೆ, ಕಣ್ಣಿನ ಹಂಗಿಲ್ಲ. ಸೆರಗಿಗೆ ಬಂದಾಗ ಎಡವಟ್ಟಾಯಿತು. ಆ ಕೊನೆಯ ಮಗ್ಗದಲ್ಲಿ ಮೊದಲು ಬಳ್ಳಾರಿ ಅಂಗಡಿಗೆಂದು ಕರಿಯ ಚಂದ್ರಕಾಳಿ ಸೀರೆ ನೇಯುತ್ತಿದ್ದರು, ಲಾಳಿಗೆ ಹಾಕಲು ಸುತ್ತಿ ಉಳಿದ ಕರಿನೂಲಿನ ಕಂಡಿಕೆಗಳು ಗುಂಡಿಯ ಪಕ್ಕದ ಗೂಡಿನಲ್ಲೇ ಇದ್ದವು. ಓಬಕ್ಕ ನನಗೆ ನೀಲಿ ಕಂಡಿಕೆ ಸುತ್ತಿ ಬುಟ್ಟಿಯಲ್ಲಿಟ್ಟು ಕೊಟ್ಟಿದ್ದಳು. ನಾನು ಕೈ ಹಾಕಿದ್ದು ಗೂಡಿಗೆ. ಎರಡು ಪಟ್ಟಿ ನೇಯ್ದು ಮುಗಿಸಿ, ಅಚ್ಚುಕಟ್ಟಾಗಿ ಬಂತೆಂದು ಒಳಗೊಳಗೇ ಬೀಗುತ್ತ ಕೂತಿದ್ದೆ. ಊಟ ತಂದ ಓಬಕ್ಕ ಬುಟ್ಟಿ ನೋಡಿ, "ನಾ ಸುತ್ತಿಕೊಟ್ಟ ನೀಲಿ ಕಂಡಿಕೆ ಹಂಗೇ ಅದಾವಲ್ಲ, ಮತ್ತೆ ನೀನು ನೇಯ್ದಿದ್ದೇನು?" ಅಂದಳು. ಆಮೇಲೆ ಬಗ್ಗಿ, ಬಟ್ಟೆಯ ಮೇಲೆ ಮುಖವಿಟ್ಟು ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದಳು. ಮದುಮಗಳ ಸೀರೆಯಲ್ಲಿ ಕರಿ ಪಟ್ಟಿ! ಸಾಹುಕಾರ ಕಂಡಿದ್ದರೆ ಬೇಕೆಂದೇ ಕೇಡು ಬಯಸಿದ ಎಂದು ನನ್ನನ್ನು ಚಾವಡಿಗೆ ಎಳೆಯುತ್ತಿದ್ದ. ಅವಳು ಬಯ್ಯಲಿಲ್ಲ ಅಕ್ಕಾ. ದಿನವೂ ಬಯ್ಯುವವಳು ಅವತ್ತು ಬಯ್ಯದೆ ನನ್ನ ಮಗ್ಗುಲಲ್ಲಿ ಕೂತಳಲ್ಲ, ಆಗ ನನಗೆ ನಿಜವಾಗಿ ಭಯವಾಯಿತು.

ಉಳಿದವರು ಊಟಕ್ಕೆ ಎದ್ದು ಹೋದ ಹೊತ್ತು ನೋಡಿ ಇಬ್ಬರೂ ಕದ್ದು ಬಿಚ್ಚಿದೆವು. ನಾನು ಗುಂಡಿಯೊಳಗಿನ ತುಳಿಗೆ ಹಲಗೆ ತುಳಿದು ಎಳೆಗಳನ್ನು ಬಿಡಿಸುವುದು, ಅವಳು ಕರಿನೂಲು ಹಿಡಿದು ಎಳೆಯುವುದು. ನೇಯುವುದಕ್ಕಿಂತ ಬಿಚ್ಚುವುದು ಕಷ್ಟ, ಒಂದು ಎಳೆ ಹರಿದರೂ ಗುರುತು ಉಳಿಯುತ್ತದೆ. ಆಮೇಲೆ ಸೆರಗು ಮುಗಿಯುವವರೆಗೂ ಅವಳು ಯಾವುದೋ ನೆಪ ಹೇಳಿ ಗುಂಡಿಯ ಹತ್ತಿರ ಕೂತು ಬಣ್ಣ ಹೇಳುತ್ತ ಕಂಡಿಕೆ ಕೈಗೆ ಕೊಟ್ಟಳು. ಯರ್ರಪ್ಪ ಒಂದೆರಡು ಸಲ ಈ ಕಡೆ ತಿರುಗಿ ನೋಡಿ, ನೋಡದವನಂತೆ ಲಾಳಿ ಎಸೆದ. ಅವನಿಗೆ ಗೊತ್ತಾಗಿರಬಹುದು.

ನಿನ್ನೆ ಸೀರೆ ಕೊಯ್ದು ಕೊಟ್ಟೆ. ಜಂಬುಲಿಂಗಪ್ಪ ಅಂಗಳದ ಬಿಸಿಲಲ್ಲಿ ಹರಡಿ, ಹಿಂದೆ ಮುಂದೆ ತಿರುಗಿಸಿ, ಎಲ್ಲ ನೇಕಾರರನ್ನೂ ಕರೆದು ತೋರಿಸಿದ. ಒಂದು ಕುಂದಿಲ್ಲ. "ನೋಡ್ರೋ, ಕತ್ತಲಾಗೆ ಕುಂತು ನೇಯ್ದಿದ್ದು ಇದು! ನಾ ಹೇಳ್ಲಿಲ್ವಾ, ಇವ್ನಿಗೆ ಬೆಳಕು ಯಾಕೆ? ಇನ್ಮೇಲೆ ಕೊನೇ ಗುಂಡಿ ಇವ್ನಿಗೇ ಖಾಯಂ" ಅಂದ. ಬೀಗರ ಮನೆಯವರಿಗೂ ಇಂಥದೇ ಸೀರೆಗಳು ಬೇಕಂತೆ, ನಾನೇ ನೇಯಬೇಕಂತೆ. ನನ್ನ ಬೆನ್ನು ತಟ್ಟಿ, ತಾಂಬೂಲ ಕೊಡುವಾಗ ಮಾತ್ರ ಮೊದಲನೆಯದನ್ನು ಬಾಗಿಲ ಗುಂಡಿಯವನಿಗೆ, ಅಂದರೆ ಯರ್ರಪ್ಪನಿಗೆ, ಕೊಟ್ಟ. ಅದು ಮನೆಯ ಪದ್ಧತಿ, ಅಪ್ಪನ ಕಾಲದಿಂದ ಬಂದದ್ದು. ನನಗೆ ಕೊನೆಯದು ಬಂತು. ಹಿತ್ತಲ ಗಿಡ ಮದ್ದಲ್ಲ ಎಂದು ನೀನು ಹೇಳುತ್ತಿದ್ದೆ. ಮದ್ದು ಅಂತ ಒಪ್ಪಿಕೊಂಡೇ ಹಿತ್ತಲಲ್ಲಿ ಇಟ್ಟಿದ್ದಾರಲ್ಲ, ಇದಕ್ಕೇನು ಗಾದೆ ಅಕ್ಕಾ? ನಾನು ಕೆಟ್ಟದಾಗಿ ನೇಯ್ದಿದ್ದರೆ ಹೊರಗೆ ಹಾಕುತ್ತಿದ್ದರು. ಚೆನ್ನಾಗಿ ನೇಯ್ದೆ, ಕತ್ತಲೆಯಲ್ಲೇ ಉಳಿಸಿದರು.

ಬಿಟ್ಟು ಏಳಬೇಕೆಂದರೂ ಮಗ್ಗ ಏಳಗೊಡುವುದಿಲ್ಲ. ನಿನಗೆ ಗೊತ್ತಲ್ಲ, ಒಂದು ಸೀರೆ ಕೊಯ್ಯುವ ಹೊತ್ತಿಗೆ ಮುಂದಿನ ಹಾಸು ಬಂದು ನಿಂತಿರುತ್ತದೆ. ಹಳೆಯ ತುದಿಗೆ ಹೊಸತನ್ನು ಹೊಸೆದರೆ ಮತ್ತೆ ತಿಂಗಳುಗಟ್ಟಲೆ ನಾನು ಅದರ ಆಳು. ಹಾಸಿಲ್ಲದ ಬರಿಮಗ್ಗ ಬಿಟ್ಟು ಏಳುವುದು ಸತ್ತ ಮನೆಯಲ್ಲಿ ಮಾತ್ರ ಎನ್ನುತ್ತಿದ್ದ ಅಪ್ಪ. ನಾಳೆ ಬೆಳಿಗ್ಗೆ ಹೊಸ ಹಾಸು ಬರುತ್ತದೆ.

ಇಷ್ಟು ಬರೆದು ಮನಸ್ಸು ಹಗುರಾಯಿತು. ನೀನು ಅಳಬೇಡ, ನಿನ್ನ ಅಳು ನೋಡಿ ಭಾವನವರು ಓದುವುದು ನಿಲ್ಲಿಸುತ್ತಾರೆ. ನಂದಿಬಟ್ಟಲು ಹೂವಿನಿಂದ ನೀನು ಮಾಡುವ ಕಣ್ಣಿನ ಮದ್ದು ಇದ್ದರೆ ಕಳಿಸು. ಭಾವನವರಿಗೆ ನನ್ನ ನಮಸ್ಕಾರ, ನಿನ್ನ ಕಾಲಿಗೆ ನಮ್ಮಿಬ್ಬರ ತಲೆ. ಅವ್ವ ಇದ್ದಿದ್ದರೆ ನಿನಗೆ ಏನೇನು ಹರಸುತ್ತಿದ್ದಳೋ ಅದೆಲ್ಲ ನಿನಗಿರಲಿ.

ನಿನ್ನ ತಮ್ಮ,
ನಾಗರಾಜಪ್ಪ

ತಾ. ಕ.: ಚಳ್ಳಕೆರೆಗೆ ಹುಣಸೆಹಣ್ಣು ಹೇರಿಕೊಂಡು ಹೊರಟ ಚಿನ್ನಯ್ಯ ಗಾಡಿ ಹೂಡಿ ಬಾಗಿಲಲ್ಲೇ ಕೂಗುತ್ತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಹೊಸ ಹಾಸಿನ ಎಳೆ ಹೊಸೆಯಲು ಓಬಕ್ಕ ಹಿಂದಿನ ದಿನವೇ ಬೂದಿ ಸೋಸಿಟ್ಟುಕೊಳ್ಳುವವಳು. ಇವತ್ತು ಇನ್ನೂ ಸೋಸಿಲ್ಲ. ನಾನೂ ಕೇಳಿಲ್ಲ. ಅಕ್ಕಾ, ನಿಮ್ಮ ನಡುಮನೆಯ ಕಿಟಕಿ ಮೂಡಲಿಗೋ ಪಡುವಲಿಗೋ, ನನಗೆ ನೆನಪಾಗುತ್ತಿಲ್ಲ. ಬೆಳಕು ಆ ಹಳೆಯ ಮಗ್ಗದ ಗುಂಡಿಯ ಮೇಲೆ ಬೀಳುತ್ತದೆಯೇ? ದುಪ್ಪಟಿಯ ನೂಲು ದಪ್ಪ, ಬೆರಳಿಗೇ ಸಿಗುತ್ತದೆ. ಗೋಣಿ ಅಂದದ್ದನ್ನು ಭಾವನವರು ಮನಸ್ಸಿನಲ್ಲಿಟ್ಟುಕೊಳ್ಳಬಾರದು. ಆ ಗುಂಡಿಗೆ ಮಣ್ಣು ತುಂಬಿಸಬೇಡ. ತುಂಬಿಸಿದ್ದರೆ, ತುಳಿದು ಗಟ್ಟಿ ಮಾಡುವ ಮೊದಲೇ ತೆಗೆಸು.