ನಾನು ಕೇಳಿದ್ದು ಒಂದು ಬೆಂಚು

ಉದ್ಯಾನ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಟೇಕಡಿ ಗುಡ್ಡದ ನೆತ್ತಿಯಲ್ಲಿದ್ದ ಹೊಂಗೆಮರವನ್ನು ಕಡಿಸಿ, ಆ ಜಾಗಕ್ಕೆ ಕಾಂಕ್ರೀಟು ಸುರಿಸಿ, ಮೇಲೊಂದು ಬೆಂಚು ಕೂರಿಸಿ, ಪಕ್ಕದಲ್ಲಿ ‘ಪ್ರಕೃತಿ ಶಾಂತಿಧಾಮ’ ಎಂದು ಫಲಕ ನೆಟ್ಟಿದ್ದೀರಿ. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ದಿನವಿಡೀ ಕೋಗಿಲೆ ಕೂಗುತ್ತದೆ. ಮರದಲ್ಲಿದ್ದ ಹಕ್ಕಿಗಳಿಗೆ ಇಷ್ಟು ಶಿಸ್ತು ಇರಲಿಲ್ಲ, ಒಪ್ಪುತ್ತೇನೆ. ಆದರೆ ಅವಕ್ಕೆ ಕರೆಂಟು ಬೇಕಿರಲಿಲ್ಲ.

ನಾನು ಪುಣೆಯ ನಗರ ಬಸ್ಸಿನಲ್ಲಿ ಕಂಡಕ್ಟರ್. ಎಂಟು ಗಂಟೆ ಹಾರ್ನು, ನೂಕಾಟ, ಬೈಗುಳ. ಮನೆಗೆ ಹೋದರೆ ಒಲೆ, ಪಾತ್ರೆ, ಅತ್ತೆಯ ಮಾತ್ರೆ. ಇವೆರಡರ ನಡುವೆ ಅರ್ಧ ಗಂಟೆ ನನ್ನದೂ ಇರಬಹುದೆಂದು ಕಲಿಸಿದವರು ದ್ವಾರಕಾ ಮಾವಶಿ, ನಮ್ಮ ಡಿಪೋದ ಹಿರಿಯ ಕಂಡಕ್ಟರ್, ಎಲ್ಲರಿಗೂ ಚಿಕ್ಕಮ್ಮನಂಥವರು. ಟೇಕಡಿಗೆ ನಮ್ಮ ಜನ ಬರಿಗೈಯಲ್ಲಿ ಹತ್ತುವುದಿಲ್ಲ. ಒಬ್ಬೊಬ್ಬರ ಕೈಯಲ್ಲೂ ನೀರಿನ ಬಾಟಲಿ, ಗುಡ್ಡದ ಮೇಲೆ ಆ ನೀರುಣಿಸಿ ಸಾಕುವ ಒಂದೊಂದು ಗಿಡ. ಈ ಪದ್ಧತಿ ನಿಮಗೆ ಗೊತ್ತಿದೆಯೇ? ಅಲ್ಲಿಗೆ ಕಾರು ಹೋಗುವುದಿಲ್ಲವಾದ್ದರಿಂದ ಗೊತ್ತಿಲ್ಲದಿದ್ದರೆ ತಪ್ಪೆನ್ನಲಾರೆ.

ಆ ಹೊಂಗೆ ಮಾವಶಿ ಸಾಕಿದ್ದು. ಹದಿನಾಲ್ಕು ವರ್ಷದ ಹಿಂದೆ ಅವರ ಮಗಳು ಮಂದಾ ಜ್ವರದಲ್ಲಿ ತೀರಿಕೊಂಡಳು. ದಿನಕರ್ಮ ಮುಗಿಸಿ ಡ್ಯೂಟಿಗೆ ಹಾಜರಾದ ಮಾವಶಿ, ಸಂಜೆ ಖಾಲಿ ಮನೆಗೆ ಹೋಗಲು ಕಾಲು ಬಾರದೆ ಟೇಕಡಿ ಹತ್ತಿ ಆ ಸಸಿ ನೆಟ್ಟರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಯಾಣಿಕರನ್ನು ಶಪಿಸುತ್ತಾ ಅವರ ಹಿಂದೆ ಹತ್ತುತ್ತಿದ್ದೆ. “ಮೊದ್ಲ ಅದಕ್ಕ ನೀರ್ ಹಾಕು, ಆಮ್ಯಾಲ ನಿನ್ನ ರಾಮಾಯಣ ಹೇಳು,” ಎನ್ನುತ್ತಿದ್ದರು. ಬಾಟಲಿ ಖಾಲಿಯಾಗುವಷ್ಟರಲ್ಲಿ ನನ್ನ ರಾಮಾಯಣ ಮರೆತೇ ಹೋಗಿರುತ್ತಿತ್ತು. ಆಮೇಲೆ ಇಬ್ಬರೂ ನೆರಳಿನಲ್ಲಿ ಸುಮ್ಮನೆ ಕೂರುತ್ತಿದ್ದೆವು. ನನ್ನ ಬದುಕಿನಲ್ಲಿ ಯಾರೂ ಏನೂ ಕೇಳದ ಹೊತ್ತು ಅದೊಂದೇ ಆಗಿತ್ತು.

ಹೋದ ವರ್ಷ ಮಾವಶಿಯ ಮೊಣಕಾಲು ಸೋತವು. ನೆಲಕ್ಕೆ ಕೂತರೆ ಏಳಲಾಗದು, ಕಾಂಡಕ್ಕೆ ಒರಗಿ ನಿಂತೇ ಇರುತ್ತಿದ್ದರು. ನೋಡಲಾರದೆ, ಅವರಿಗೂ ಹೇಳದೆ, ನಿಮ್ಮ ಕಚೇರಿಗೆ ಅರ್ಜಿ ಬರೆದೆ. ಹೊಂಗೆಯ ಬುಡದಲ್ಲಿ ಒಂದು ಬೆಂಚು ಹಾಕಿಸಿಕೊಡಿ, ಅಷ್ಟೇ. ನಮ್ಮ ಬೀದಿಯ ಹೊಂಡದ ಬಗ್ಗೆ ಆರು ವರ್ಷದಿಂದ ಬರೆಯುತ್ತಿದ್ದೇನೆ, ಅದಕ್ಕೆ ಉತ್ತರವಿಲ್ಲ. ಇದಕ್ಕೆ ಮಾತ್ರ ನಿಮಗೆ ಎಲ್ಲಿಲ್ಲದ ಉತ್ಸಾಹ ಬಂತು! ಕೇಳಲು ಬಂದಾಗ ನಿಮ್ಮ ಗುಮಾಸ್ತರು, ಬೇರು ಕಾಂಕ್ರೀಟು ಒಡೆಯುತ್ತದೆಂದು ಮರ ತೆಗೆಸಿದ್ದಾಗಿ ವಿವರಿಸಿ, ಫೈಲು ಬಿಚ್ಚಿ ನನ್ನ ಸಹಿ ತೋರಿಸಿದರು. “ನೀವ ಕೇಳೀರಲ್ರಿ ಬಾಯಾರ, ಮತ್ತೀಗ ಅಳೂದ್ಯಾಕ?” ಎಂದರು.

ಮರ ಹೋದದ್ದು ಮಾವಶಿಗೆ ಗೊತ್ತಾದದ್ದು ಮೇಲೆ ಹತ್ತಿದ ಮೇಲೆಯೇ. ಬಾಟಲಿಯ ಮುಚ್ಚಳ ತೆಗೆದು, ಎಂದಿನಂತೆ ನಿಧಾನವಾಗಿ, ಕಾಂಕ್ರೀಟಿನ ಮೇಲೆ ನೀರು ಹೊಯ್ದರು. ಒಂದು ಹನಿಯೂ ಇಂಗಲಿಲ್ಲ. ಜನ ಜಾರುತ್ತಾರೆ, ನೀರು ಚೆಲ್ಲಬೇಡಿ ಎಂದು ನಿಮ್ಮ ಕಾವಲುಗಾರ ಗದರಿದ. ನಾನು ಅವನ ಮೇಲೆ ಹರಿಹಾಯುವಷ್ಟರಲ್ಲಿ ಮಾವಶಿ ನನ್ನ ಕೈ ಹಿಡಿದರು.

“ಬಿಡವ್ವಾ. ಯಾರಿಗೋ ಪಾಪ ಮೊಣಕಾಲ್ ನೋವಿತ್ತು ಕಾಣಸ್ತದ, ಬೆಂಚ್ ಕೇಳ್ಯಾರ. ಇದು ಯಾರ ಮರ ಅಂತ ಅವರಿಗೇನ್ ಗೊತ್ತು?”

ನಾನು ಖಾಲಿ ಬಾಟಲಿಗೆ ಮುಚ್ಚಳ ತಿರುಗಿಸಿ ಅವರ ಚೀಲಕ್ಕೆ ಹಾಕಿದೆ. ಅಂದಿನಿಂದ ಮಾವಶಿ ಟೇಕಡಿ ಹತ್ತಿಲ್ಲ. ಡ್ಯೂಟಿ ಮುಗಿದೊಡನೆ ತಲೆ ತಗ್ಗಿಸಿ ಮನೆಯ ಬಸ್ಸು ಹಿಡಿಯುತ್ತಾರೆ, ಚೀಲದಲ್ಲಿ ಖಾಲಿ ಬಾಟಲಿ ಮಾತ್ರ ಇನ್ನೂ ಇದೆ.

ಮಾನ್ಯರೇ, ಹೊಂಗೆಯ ಬೊಡ್ಡೆ ಸುಲಭಕ್ಕೆ ಸಾಯುವುದಿಲ್ಲ. ಆ ಬೆಂಚು ಎತ್ತಿಸಿ. ಬೊಡ್ಡೆಯ ಮೇಲಿನ ಕಾಂಕ್ರೀಟು ಒಡೆಸಿ. ಕೋಗಿಲೆಯ ಬಾಯಿ ಮುಚ್ಚಿಸಿ. ಚಿಗುರಿಸುವ ಚಿಂತೆ ನಿಮಗೆ ಬೇಡ, ನೀರು ನಾವು ಹೊರುತ್ತೇವೆ. ನನ್ನ ಅರ್ಜಿಯನ್ನು ಈ ಮೂಲಕ ಹಿಂಪಡೆಯುತ್ತೇನೆ. ಫೈಲಿನಲ್ಲಿ ನನ್ನ ಸಹಿಯ ಪಕ್ಕ ಈ ಪತ್ರವನ್ನೂ ಅಂಟಿಸಿ.

ಈ ಬಹಿರಂಗ ಪತ್ರ ಅಚ್ಚಾಗುವ ಪತ್ರಿಕೆ ನಮ್ಮ ಡಿಪೋಗೂ ಬರುತ್ತದೆ. ಮೊದಲ ಟ್ರಿಪ್ಪಿಗೆ ಮುಂಚೆ, ಚಹಾ ಕುಡಿಯುತ್ತಾ, ಕನ್ನಡಕ ಏರಿಸಿ ಮಾವಶಿ ಒಂದಕ್ಷರ ಬಿಡದೆ ಓದುತ್ತಾರೆ. ನಾಲ್ಕು ತಿಂಗಳಿಂದ ಅವರ ಮುಖ ನೋಡಿ ಹೇಳಲಾಗದ್ದನ್ನು ನಿಮಗೆ ಹೇಳಿದ್ದೇನೆ.

ಇಂತಿ,
ಅದು ಯಾರ ಮರವೆಂದು ಗೊತ್ತಿದ್ದೂ ಬೆಂಚು ಕೇಳಿದವಳು,
ವೃಷಾಲಿ ಢಮಾಲೆ