ತೆಂಕಲಿಗೆ ಮುಖ

ಆಗಸ್ಟ್ 19, ಮಂಗಳವಾರ. ಬೆಳಿಗ್ಗೆ

ಹಾಲು ಡೈರಿಗೆ ಹಾಕಿ ಬಂದೆ. ಸ್ನಾನ, ಒಲೆ, ತಿಂಡಿ ಎಲ್ಲ ಆಯಿತು. ಮೊಟ್ಟೆಗೆ ಕಾವು ಕೊಡುವ ಇಂಕ್ಯುಬೇಟರ್ ಪೆಟ್ಟಿಗೆಯ ಬಾಗಿಲು ತೆಗೆಯುವುದೊಂದು ಬಾಕಿ. ಹೊರಗಿನಿಂದ ಕೈಯಿಟ್ಟು ನೋಡಿದೆ... ತಣ್ಣಗೆ.

ನಿನ್ನೆ ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿಲ್ಲ. ಹಳೇ ಯುಪಿಎಸ್ಸು ರಾತ್ರಿ ಊಟದ ಹೊತ್ತಿಗೇ ಕೀ ಅಂತ ಕೂಗಿ ಕಣ್ಣು ಮುಚ್ಚಿತು. ಇನ್ನೆರಡು ದಿನ ಕಾವು ಸಿಕ್ಕಿದ್ದರೆ ಮರಿ ಆಗುತ್ತಿದ್ದವು. ಒಂದು ಮೊಟ್ಟೆ ಒಡೆದು ನೋಡಿದೆ. ನೋಡಬಾರದಿತ್ತು. ಕೊಕ್ಕು, ಕಾಲು, ಒದ್ದೆ ಪುಕ್ಕ — ಎಲ್ಲ ಆಗಿಹೋಗಿತ್ತು. ಕೊಟ್ಟಿಗೆ ಹಿಂದೆ ನಿಂತು ಅತ್ತುಬಿಟ್ಟೆ.

ಕೊಣನೂರಿನ ಸಂಘದ ಹೆಂಗಸರಿಗೆ ನಾಟಿ ಮರಿ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಈಗ ಸಾಕಲು ಶುರು ಮಾಡಿದರೆ ತಾನೇ ಯುಗಾದಿ ಮರುದಿನದ ಹೊಸತೊಡಕಿನ ಬಾಡೂಟಕ್ಕೆ ಮಾರಾಟಕ್ಕೆ ಬರುವುದು? ಇದು ಎರಡನೇ ಸಲ. ಮೂರನೇ ಸಲ ಹೀಗಾದರೆ ಇಂಕ್ಯುಬೇಟರ್ ಮಾರಿಬಿಡುತ್ತೇನೆ. ಬೇಡ ಈ ಪಾಪ.

ಅದೇ ದಿನ, ಸಂಜೆ

ಕರೆಂಟು ಬಂತು. ಸತ್ತ ಮೇಲೆ ಡಾಕ್ಟರು ಬಂದ ಹಾಗೆ.

ನಮ್ಮ ಯಜಮಾನರು ಅಂಗಡಿ ಮುಚ್ಚಿ ಬಂದು ಮುಖ ನೋಡಿದರು. "ಸೋಲಾರ್ ಹಾಕ್ಸನ ಕಣೆ ಶಶಿ. ಬ್ಯಾಟರಿ ಸಮೇತ." ದುದ್ದದ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ಗಿರಾಕಿ ಇಲ್ಲದಾಗ ಯೂಟ್ಯೂಬ್ ನೋಡುವ ಈ ನಮ್ಮ ಕೀರ್ತಿರಾಜ್ ಅವರಿಗೆ ಗೊತ್ತಿಲ್ಲದ ವಿದ್ಯೆ ಇಲ್ಲ. ಆದರೂ ಈ ಮಾತು ಕೇಳಿ ಖುಷಿಯಾಯಿತು.

ಆಗಸ್ಟ್ 24, ಭಾನುವಾರ

ಮೊಸಳೆ ಊರಿಗೆ ಹೋಗಿದ್ದೆವು, ಯಜಮಾನರ ಸ್ನೇಹಿತ ಗುಂಡಯ್ಯನವರ ಮನೆಗೆ. ತಾರಸಿ ತುಂಬ ಪ್ಯಾನೆಲ್ಲು. ನೋಡಿ ಬಾಯಲ್ಲಿ ನೀರೂರಿತು. ಕಾಫಿ ಕುಡಿಯುವಾಗ ಕರೆಂಟು ಹೋಯಿತು. ಅವರ ಮನೆಯ ಫ್ಯಾನೂ ನಿಂತಿತು!

"ಅಲ್ಲಾ ಗುಂಡಣ್ಣ, ಮ್ಯಾಲೆ ಅಷ್ಟು ಬಿಸ್ಲು ಕಾಯ್ತಾ ಅದೆ, ಕೆಳಗೆ ಫ್ಯಾನ್ ಯಾಕೆ ನಿಂತೋಯ್ತು?" ಅಂದೆ.

ಅವರು ಟವೆಲ್‌ನಲ್ಲಿ ಗಾಳಿ ಬೀಸಿಕೊಳ್ಳುತ್ತಾ, "ಬ್ಯಾಟರಿ ಬ್ಯಾಡ ಅಂದ್ಬುಟ್ಟೆ ಕಣಮ್ಮ. ಲೈನಲ್ಲಿ ಕರೆಂಟ್ ಇಲ್ದಿದ್ರೆ ಇದೂ ಆಫ್ ಆಯ್ತದೆ. ಕಂಬ ಹತ್ತಿರೋ ಲೈನ್‌ಮನ್‌ಗೆ ಶಾಕ್ ಹೊಡೀಬಾರ್ದು ಅಂತ ಅಂಗೆ ಮಾಡವ್ರಂತೆ" ಅಂದರು.

ಬರುವಾಗ ಬೈಕಿನ ಹಿಂದೆ ಕೂತು ಹೇಳಿದೆ — ಪ್ಯಾನೆಲ್ ಎರಡು ಕಮ್ಮಿ ಆದರೂ ಸರಿ, ಬ್ಯಾಟರಿ ಇರಲೇಬೇಕು. "ಅದಕ್ಕೆ ಹೈಬ್ರಿಡ್ ಅಂತಾರೆ" ಅಂದರು. ರಾಗಿಯಲ್ಲಿ ಹೈಬ್ರಿಡ್ ಕೇಳಿದ್ದೆ, ಈಗ ಕರೆಂಟಿನಲ್ಲೂ.

ಸೆಪ್ಟೆಂಬರ್ 3, ಬುಧವಾರ

ಹಾಸನದಿಂದ ಸೋಲಾರ್‌ನವರು ಬಂದಿದ್ದರು. ಅರುಣ್‌ಕುಮಾರ್ ಅಂತ, ಚೂಟಿ ಹುಡುಗ. ತಾರಸಿ ಅಳೆದು, ಫೋನಿನಲ್ಲಿ ದಿಕ್ಕು ನೋಡಿದ. ಮಧ್ಯಾಹ್ನದವರೆಗೆ ಎಲ್ಲ ಸುಗಮ. ಬ್ಯಾಟರಿ ಮೇಲೆ ಏನೇನು ಓಡಬೇಕು? ಇಂಕ್ಯುಬೇಟರ್, ಫ್ರಿಜ್ಜು, ಲೈಟು, ಎರಡು ಫ್ಯಾನು. ಮೋಟರೂ ಗ್ರೈಂಡರೂ ಬೇಡ. ಯಜಮಾನರು ಟಿವಿ ಅಂದರು, ಕ್ರಿಕೆಟ್ಟಿಗೆ. ಪ್ರೇಕ್ಷಾ ವೈಫೈ ಅಂದಳು, ಪಿಯುಸಿ ಓದಿಗಂತೆ! ಅಪ್ಪ-ಮಗಳು ಕಿತ್ತಾಡಲಿ ಅಂತ ಬಿಟ್ಟೆ.

ಆಮೇಲೆ ಅವನು ಒಂದು ಮಾತು ಹೇಳಿದ. "ಪ್ಯಾನೆಲ್ಲು ದಕ್ಷಿಣಕ್ಕೆ ಮುಖ ಮಾಡಿ, ಸ್ವಲ್ಪ ಓರೆಯಾಗಿ ಕೂರಿಸ್ತೀವಿ ಮೇಡಂ."

ಜಗಲಿಯ ಕುರ್ಚಿಯಿಂದ ನಮ್ಮ ಮಾವ ಎದ್ದು ನಿಂತರು. ಚಿಕ್ಕಯ್ಯನವರು ಎದ್ದು ನಿಂತರೆ ಊರ ಪಂಚಾಯ್ತಿಯೇ ಸುಮ್ಮನಾಗುತ್ತಿತ್ತಂತೆ ಒಂದು ಕಾಲದಲ್ಲಿ.

"ತೆಂಕಲಿಗಾ? ಈ ಮನೇಲಿ ಬಾಗ್ಲು ಮೂಡಲಿಗದೆ. ದೇವ್ರು ಮೂಡಲಿಗವ್ನೆ. ದನ ಕಟ್ಟೋ ಗೊಂತೂ ಮೂಡಲಿಗೇ ಅದೆ. ನೀನ್ಯಾವನ್ಲಾ, ಬಂದು ತೆಂಕಲಿಗೆ ಮಕ ಮಾಡ್ಸೋನು?"

"ಅಜ್ಜಾ, ಬಿಸ್ಲು ಚೆನ್ನಾಗಿ ಬೀಳೋದು ಆ ಕಡೆಯಿಂದ..."

"ತೆಂಕಲಿಗೆ ಮಕ ಅಂದ್ರೆ ತಲೆ ಎತ್ತಗೆ ಬಂತು? ಬಡಗಲಿಗೆ. ಬಡಗಲಿಗೆ ತಲೆ ಮಾಡಿ ಮನುಷ್ಯರೇ ಮಲಗಕ್ಕಿಲ್ಲ."

"ಅದು ಮಲಗಿರೋದಲ್ಲ ಅಜ್ಜ. ನಿಂತದೆ ಅನ್ಕೊಳಿ."

"ಓರೆಯಾಗಾ? ಕುಡ್ದೋನಂಗಾ?"

ಪ್ರೇಕ್ಷಾ ಕಿಸಕ್ಕನೆ ನಕ್ಕು ಒಳಗೆ ಓಡಿದಳು. ನನಗೆ ನಗು ಬರಲಿಲ್ಲ. ಮನೆ ಅವರದು. ಅವರ ಮಾತು ಮೀರಿ ಯಾರೂ ಒಂದು ಮೊಳೆ ಹೊಡೆಯುವುದಿಲ್ಲ. ಅರುಣ್‌ಕುಮಾರ್ ಟೇಪು ಮಡಚಿಕೊಂಡು ಹೋದ. "ಒಪ್ಪಿದ್ಮೇಲೆ ಫೋನ್ ಮಾಡಿ ಮೇಡಂ."

ಸೆಪ್ಟೆಂಬರ್ 4

ಮೂಡಲಿಗೇ ತಿರುಗಿಸಿ ಹಾಕಿಸೋಣ, ಸ್ವಲ್ಪ ಕಮ್ಮಿ ಬರುತ್ತದೆ ಅಷ್ಟೇ ಅಂದರು ಯಜಮಾನರು. ಅಷ್ಟೇ ಆಗಿದ್ದರೆ ನಾನೇ ಒಪ್ಪುತ್ತಿದ್ದೆ. ಮೂಡಲಿಗೆ ಆ ಹಲಸಿನ ಮರ ಇದೆಯಲ್ಲ! ಅರ್ಧ ಬೆಳಗು ಅದರ ನೆರಳು, ಮಧ್ಯಾಹ್ನದ ಮೇಲೆ ಪ್ಯಾನೆಲ್ ಬೆನ್ನಿಗೆ ಬಿಸಿಲು. ತಾರಸಿಗೆ ಹತ್ತಿ ನಾನೇ ನಿಂತು ನೋಡಿ ಬಂದೆ. ಮರ ಕಡಿಸುವ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಅದರ ಹಣ್ಣು ತಿಂದವರೇ ನಾವೆಲ್ಲ.

ಸೆಪ್ಟೆಂಬರ್ 8, ಸೋಮವಾರ

ಹೊಸ ಮೊಟ್ಟೆ ಇಟ್ಟೆ. ಪಿತೃಪಕ್ಷ ಶುರುವಾಗಿದೆ, ಈಗ ಹೊಸದಾಗಿ ಏನೂ ಮಾಡಬಾರದು ಅಂದರು ಮಾವ. ಕೋಳಿಗೆ ಪಕ್ಷ ಗೊತ್ತಾ ಅಂದೆ. ಯುಪಿಎಸ್ಸಿಗೆ ಯಜಮಾನರು ಟ್ರ್ಯಾಕ್ಟರ್ ಬ್ಯಾಟರಿ ಕಟ್ಟಿಕೊಟ್ಟಿದ್ದಾರೆ. ಎಷ್ಟು ಹೊತ್ತು ಬರುತ್ತದೋ ದೇವರೇ ಬಲ್ಲ.

ಸೆಪ್ಟೆಂಬರ್ 11

ಮಾವನ ಜೊತೆ ಮಾತಿಲ್ಲ. ಮುದ್ದೆ ತಟ್ಟೆಗೆ ಕುಕ್ಕಿದೆ.

"ಮುದ್ದೆ ಮ್ಯಾಲೆ ಯಾಕವ್ವ ಸಿಟ್ಟು, ಅದೇನ್ ಮಾಡ್ತು ನಿಂಗೆ?" ಅಂದರು.

"ಅದುನ್ನ ಯಾವ ದಿಕ್ಕಿಗೆ ಮಡಗ್ಬೇಕೋ ತಿಳೀಲಿಲ್ಲ ಮಾವ" ಅಂದೆ. ಯಜಮಾನರು ಸಾರು ನೆತ್ತಿಗೇರಿ ಕೆಮ್ಮಿದರು. ಮಾವ ತಲೆ ತಗ್ಗಿಸಿ ಉಂಡು ಎದ್ದರು. ಅದೇ ಯಾಕೋ ಚುಚ್ಚಿತು.

ಸೆಪ್ಟೆಂಬರ್ 21, ಭಾನುವಾರ. ಅಮಾವಾಸ್ಯೆ

ಹಿರಿಯರ ಹಬ್ಬ. ತೀರಿಹೋದ ಅತ್ತೆಗೆ ಇದು ಮೊದಲನೇ ಎಡೆ. ನಾಟಿ ಕೋಳಿ ಸಾರು, ಮುದ್ದೆ, ಕಜ್ಜಾಯ, ಎಲೆ ಅಡಿಕೆ. ಹಸಿರು ಅಂಚಿನ ಸೀರೆ ಇಟ್ಟೆವು — ನಮ್ಮ ಅತ್ತೆ ನಂಜಮ್ಮನವರಿಗೆ ಹಸಿರು ಅಂದರೆ ಪ್ರಾಣ. ಧೂಪ ಹಾಕಿ ಬಾಗಿಲು ಎಳೆದುಕೊಂಡು ಎಲ್ಲರೂ ಆಚೆ ಕೂತೆವು, ಹಿರಿಯರು ಉಣ್ಣಲಿ ಅಂತ.

ಆಗ ಮಾವ ತಾವಾಗಿ ಮಾತು ತೆಗೆದರು. ನನ್ನ ಕಡೆ ನೋಡದೆ.

"ನಿಮ್ಮತ್ತೇನ ಇದೇ ಅಂಗಳದಲ್ಲಿ ತೆಂಕಲಿಗೆ ತಲೆ ಮಾಡಿ ಮಲಗ್ಸಿದ್ರು ಕಣವ್ವ. ತೆಂಕಲಿಗೇ ಎತ್ಕಂಡೋದ್ರು. ತ್ವಾಟದ ತುದೀಲಿ ಮಣ್ಣು ಮಾಡಿದ್ರು. ಅವತ್ತಿಂದ ಆ ಕಡೆ ಮಕ ತಿರುಗ್ಸಕ್ಕೆ ನಂಗೆ ಆಯ್ತಿಲ್ಲ. ಮನೆ ನೆತ್ತಿ ಮ್ಯಾಲೆ ಅಷ್ಟಗಲದ್ದು ದಿನಾ ಅತ್ತಗೇ ನೋಡ್ಕಂಡು ಕುಂತ್ರೆ... ಬ್ಯಾಡ ಕಣವ್ವ."

ಅವರ ಕುರ್ಚಿ ಈಚೆಗೆ ಯಾಕೆ ಕೊಟ್ಟಿಗೆ ಕಡೆ ತಿರುಗಿತ್ತು ಅಂತ ಈಗ ಗೊತ್ತಾಯಿತು. ನಾನು ದನ ನೋಡಿಕೊಳ್ಳಲು ಅಂದುಕೊಂಡಿದ್ದೆ. ಎದ್ದು ಹೋಗಿ ಅಂಗಳದ ನಲ್ಲಿಯಿಂದ ಒಂದು ಲೋಟ ನೀರು ತಂದು ಕೊಟ್ಟೆ. ಇನ್ನು ಸೋಲಾರ್ ಮಾತು ಎತ್ತುವುದಿಲ್ಲ. ಈ ಸಲದ ಮರಿ ಆಗಲಿ, ಕೊಣನೂರಿನವರಿಗೆ ಕೊಟ್ಟು, ಇಂಕ್ಯುಬೇಟರನ್ನೂ ಯಾರಿಗಾದರೂ ದಾಟಿಸಿಬಿಡುತ್ತೇನೆ. ಅತ್ತೆ ಕೋಳಿ ಸಾಕಿದ ಹಾಗೆ ನಾಲ್ಕು ಹೇಟೆ ಕೋಳಿ ಇಟ್ಟುಕೊಂಡರೆ ಸಾಕು.

ಬರೆದು ಮುಗಿಸುವಾಗ ಬೇಜಾರಾಗುತ್ತಿದೆ. ಆ ಪೆಟ್ಟಿಗೆ ನನ್ನ ಸ್ವಂತದ್ದು, ನಾನೇ ಕಲಿತದ್ದು. ಇರಲಿ.

ಸೆಪ್ಟೆಂಬರ್ 28, ಭಾನುವಾರ. ರಾತ್ರಿ ಊಟ ಆದ ಮೇಲೆ

ಎಲ್ಲ ಬರೆಯಬೇಕು.

ಬೆಳಗಿನ ಜಾವ ಸಿಡಿಲು ಹೊಡೆದು ಊರಿನ ಟಿ.ಸಿ., ಅದೇ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಯಿತು. ಇನ್ನೊಂದು ತಂದು ಕೂರಿಸಲು ಸಂಜೆಯಾಗುತ್ತದೆ ಅಂದ ಲೈನ್‌ಮನ್. ಟ್ರ್ಯಾಕ್ಟರ್ ಬ್ಯಾಟರಿ ಹತ್ತು ಗಂಟೆಗೆ ಉಸ್ ಅಂತು. ಒಳಗೆ ಮರಿಗಳು ಆಗಲೇ ಕೂಗಲು ಶುರು ಮಾಡಿದ್ದವು, ಚಿಪ್ಪಿನೊಳಗಿಂದಲೇ. ಯಜಮಾನರು ಜನರೇಟರ್ ಬಾಡಿಗೆಗೆ ಸಿಗುತ್ತದಾ ಅಂತ ಹಾಸನಕ್ಕೆ ಓಡಿದರು. ನಾನು ನೀರು ಕಾಯಿಸಿ ಬಾಟಲಿಗೆ ತುಂಬಿ, ಕಂಬಳಿ ಸುತ್ತಿ, ಮೊಟ್ಟೆಗಳ ಸುತ್ತ ಜೋಡಿಸುತ್ತಾ ಕೂತೆ. ಬೈದುಕೊಳ್ಳುತ್ತಾ, ಅಳುತ್ತಾ. ಮೂರನೇ ಸಲ ಕಣಪ್ಪಾ, ಮೂರನೇ ಸಲ!

ಮಾವ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಒಂದು ಮೊಟ್ಟೆ ಎತ್ತಿ ಕಿವಿಗೆ ಹಿಡಿದರು.

"ಅಯ್ ಶಿವನೇ... ಕೂಗ್ತಾ ಅದಲ್ಲವ್ವ!"

ಎದ್ದರು. ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು, ಬಿಸಿಲಿಗೆ ಅಡ್ಡ ಹಿಡಿದು ಒಳಗೆ ಇಣುಕಲು ನೋಡಿದರು. ಅತ್ತೆ ಹಾಗೇ ನೋಡುತ್ತಿದ್ದದ್ದು, ಮೊಟ್ಟೆ ಗಟ್ಟಿಯೋ ಜೊಳ್ಳೋ ಅಂತ. ಮೂಡಲ ಕಡೆ ಹಲಸಿನ ನೆರಳು. ಒಂದು ಹೆಜ್ಜೆ ಸರಿದರು. ಇನ್ನೊಂದು ಹೆಜ್ಜೆ. ಬಿಸಿಲು ಹುಡುಕಿಕೊಂಡು ಅಂಗಳದ ತೆಂಕಲ ಮೂಲೆಗೆ ಹೋಗಿ, ತೋಟದ ಕಡೆ ಮುಖ ಮಾಡಿ, ತಲೆ ಎತ್ತಿ ನಿಂತುಬಿಟ್ಟರು.

ಅವರಿಗೆ ಅರಿವಿಲ್ಲ. ನನಗಿತ್ತು. ಬಾಯಿಗೆ ಬಂದದ್ದನ್ನು ತಡೆದುಕೊಂಡೆ. ನಾನು ಸುಮ್ಮನಿದ್ದದ್ದೇ ಇವತ್ತಿನ ದೊಡ್ಡ ಕೆಲಸ.

"ತುಂಬ್ಕಂಡದೆ ಕಣವ್ವ. ಜೀವ ತುಂಬ್ಕಂಡದೆ" ಅಂದರು. ಕೈ ಇಳಿಸಿದರು. ಎದುರಿಗೆ ತೋಟದ ತುದಿ, ಅತ್ತೆಯ ಸಮಾಧಿ, ಮೇಲೆ ಹುಟ್ಟಿದ ತುಂಬೆ ಗಿಡ. ಎಷ್ಟೋ ಹೊತ್ತು ಅಲ್ಲೇ ನೋಡುತ್ತಾ ನಿಂತಿದ್ದರು. ತಿರುಗಿ ಬಂದಾಗ ಕಣ್ಣು ಕೆಂಪಗಿತ್ತು.

"ಅವ್ಳೂ ಇಲ್ಲೇ ನಿಂತ್ಕಂಡು ನೋಡ್ತಿದ್ಲು. ಇದೇ ಜಾಗದಲ್ಲಿ. ಮರ್ತೇಬುಟ್ಟಿದ್ದೆ." ಆಮೇಲೆ ಮೊಟ್ಟೆಯನ್ನು ಕಂಬಳಿಯೊಳಗೆ ಮೆಲ್ಲಗೆ ಇಟ್ಟು, "ಆ ಹುಡುಗುಂಗೆ ಫೋನ್ ಮಾಡವ್ವ. ಪಕ್ಷ ಕಳೀತು. ಅವಳು ನೋಡ್ತಿದ್ದ ಕಡೆಗೇ ಮಕ ಮಾಡ್ಲಿ" ಅಂದರು.

ಜನರೇಟರ್ ಬಂತು ಮಧ್ಯಾಹ್ನಕ್ಕೆ. ಎಷ್ಟು ಉಳಿದಿವೆಯೋ ನಾಳೆ ಗೊತ್ತಾಗುತ್ತದೆ.

ಸೆಪ್ಟೆಂಬರ್ 30

ಅರ್ಧಕ್ಕಿಂತ ಹೆಚ್ಚು ಮರಿ ಆದವು. ಕೊಣನೂರಿನವರಿಗೆ ಸ್ವಲ್ಪ ಕೊಟ್ಟೆ, ಉಳಿದದ್ದು ಮುಂದಿನ ಸಲ ಅಂದೆ. ಮುಂದಿನ ಸಲ! ಬರೆಯುವಾಗಲೇ ಖುಷಿ.

ಅಕ್ಟೋಬರ್ 16

ಅರುಣ್‌ಕುಮಾರ್ ಇನ್ನೂ ಬಂದಿಲ್ಲ. ಹಾಸನಾಂಬ ದರ್ಶನ ನಡೀತಿದೆ, ಊರೊಳಗೆ ಗಾಡಿ ಅಲ್ಲಾಡಲ್ಲ ಅಂತಾನೆ. "ಆ ತಾಯಿ ಬಾಗ್ಲು ಹಾಕ್ಕಂಡ್ಮೇಲೆ ಬತ್ತೀನಿ ಮೇಡಂ." ಆಯಿತು, ಅಮ್ಮನ ದರ್ಬಾರು ಮುಗಿಯಲಿ.

ನವೆಂಬರ್ 12, ಬುಧವಾರ

ಕೂತವು! ತೆಂಕಲಿಗೆ ಮುಖ ಮಾಡಿ, ಓರೆಯಾಗಿ. ಮಾವ ಕೆಳಗೆ ನಿಂತು, "ಕುಡ್ದೋರೆಲ್ಲ ಸಾಲಾಗಿ ಕುಂತವ್ರೆ" ಅಂದರು. ಪ್ರತಿ ಕಂಬಕ್ಕೂ ಅರಿಶಿನ ಕುಂಕುಮ ಹಚ್ಚಿದ್ದೂ ಅವರೇ.

ಬ್ಯಾಟರಿ ಅಡುಗೆಮನೆ ಪಕ್ಕದ ಗೋಡೆಗೆ. ವೈರು ಎಳೆಯುವ ಮುಂಚೆ ಅರುಣ್‌ಕುಮಾರ್ ಇನ್ನೊಂದು ಸಲ ಕೇಳಿದ, ಬ್ಯಾಟರಿ ಮೇಲೆ ಏನೇನು ಅಂತ. ಟಿವಿ ಗೆದ್ದಿತು, ವೈಫೈಯೂ ಗೆದ್ದಿತು. ಎಲ್ಲ ಆದ ಮೇಲೆ ಮಾವ ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಅವನು ತಲೆಯಾಡಿಸಿದ. ಏನು ಅಂತ ಕೇಳಿದೆ. "ನಿಂಗ್ಯಾಕವ್ವ, ನಿನ್ ಕೋಳಿ ನೀ ನೋಡ್ಕೊ" ಅಂದರು. ಸಂಜೆಯವರೆಗೂ ತೋಟದಲ್ಲಿ ಪೈಪು ಹೂಳುತ್ತಿದ್ದರು.

ನವೆಂಬರ್ 14

ಮೊಟ್ಟೆ ಇಟ್ಟೆ. ಪೆಟ್ಟಿಗೆ ತುಂಬ.

ಡಿಸೆಂಬರ್ 5, ಶುಕ್ರವಾರ. ಸಂಜೆ 7

ಚಿಪ್ಪು ಬಿರುಕು ಬಿಡುತ್ತಿವೆ, ಬೆಳಿಗ್ಗೆಯಿಂದ. ಈಗಷ್ಟೇ ಊರಿಗೆಲ್ಲ ಕರೆಂಟು ಹೋಯಿತು. ಕಂಬಳಿ ಹುಡುಕಲು ಎದ್ದೆ, ಹಳೇ ಅಭ್ಯಾಸ. ಆದರೆ ಪೆಟ್ಟಿಗೆಯ ಫ್ಯಾನು ಗುಯ್ ಅನ್ನುತ್ತಲೇ ಇದೆ. ಒಳಗೆ ಟಿವಿ ಕೂಡ. ನಮ್ಮ ಯಜಮಾನರು ಔಟ್ ಔಟ್ ಅಂತ ಕಿರುಚುತ್ತಿದ್ದಾರೆ.

ಜಗಲಿಗೆ ಬಂದೆ. ಊರೆಲ್ಲ ಕತ್ತಲು. ತೋಟದ ತುದಿಯಲ್ಲಿ, ಅತ್ತೆಯ ಸಮಾಧಿ ಹತ್ತಿರ, ಒಂದೇ ಒಂದು ಬಲ್ಬು ಉರಿಯುತ್ತಿದೆ. ಕರೆಂಟು ಹೋದಾಗ ಮಾತ್ರ ಹತ್ತುವ ಹಾಗೆ ಅವತ್ತು ಪೈಪಿನಲ್ಲಿ ವೈರು ಹೂಳಿದ್ದು ಇದಕ್ಕಾ!

ಮಾವನ ಕುರ್ಚಿ ತೆಂಕಲಿಗೆ ತಿರುಗಿದೆ. "ಅವ್ಳಿಗೆ ಕತ್ಲು ಅಂದ್ರೆ ಭಯ ಕಣವ್ವ" ಅಂದರು, ನಾನು ಏನೂ ಕೇಳದಿದ್ದರೂ. ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬೆಳಕು ಧಾರಾಳವಾಗಿದೆ. ನೆಮ್ಮದಿಯಾಗಿದೆ. ಅತ್ತೆ ಇದ್ದಿದ್ದರೆ ಮೊದಲನೇ ಮರಿ ಯಾವ ಬಣ್ಣ ಅಂತ...

ಪ್ರೇಕ್ಷಾ ಕೂಗುತ್ತಿದ್ದಾಳೆ — "ಅಮ್ಮಾ, ಮರಿ ಬಂತು! ಬೇಗ ಬಾ, ತಾತನ್ನೂ ಕರ್ಕೊಂಡು—"